ಒಬ್ಬ ಬ್ಯಾಟರ್‌ಗಷ್ಟೆ

"ಇವತ್ತು ನನ್ನ ಚೆಂಡನ್ನ ನಿಜವಾಗ್ಲೂ ಹೊಡಿ," ಎಂದ ಕುರಾಮೊಚಿ. "ಸುಮ್ನೆ ಗಾಳಿಗೆ ಬ್ಯಾಟ್ ಬೀಸಿ ಹೋದ್ಯೋ, ನಿನ್ನ ಮುಖ ನೋಡಲ್ಲ."

ಎದುರು ತಂಡದ ಸೆಗಾವ ಶೌಚಾಲಯದ ಬಾಗಿಲಲ್ಲಿ ಒದ್ದೆ ಕೈ ಹಿಡಿದುಕೊಂಡೇ ನಿಂತುಬಿಟ್ಟ. ಹೈಸ್ಕೂಲಿನ ಬೇಸ್‌ಬಾಲ್ ತಂಡದಲ್ಲಿ ಕುರಾಮೊಚಿಯ ಬಟ್ಟೆ ಒಗೆದ ಕಿರಿಯ ಅವನು. ಅಣ್ಣನೆಂದು ಕರೆಯುವವನ ಮಾತಿಗೆ ಎಂದೂ ಇಲ್ಲವೆಂದವನಲ್ಲ.

"ಅಣ್ಣಾ, ಜನ ತುಂಬಿದಾರೆ. ನಿಮ್ಮ ಮಗಳೂ ಬಂದಿದಾಳೆ. ಹೊಡೆದ್ರೆ ನನ್ನನ್ನ ಮನುಷ್ಯ ಅಂತಾರಾ?"

"ನಾನು ಅಂತೀನಿ."

ಸೆಗಾವ ತಲೆ ತಗ್ಗಿಸಿ ಆಯ್ತೆಂದ.

ನಿವೃತ್ತನಾಗುವ ಪಿಚರ್‌ಗೆ ಕೊನೆಯ ಪಂದ್ಯದಲ್ಲಿ ಚೆಂಡೆಸೆಯಲು ಎದುರಿಗೆ ಒಬ್ಬನೇ ಬ್ಯಾಟರ್. ಆ ಬ್ಯಾಟರ್ ಮೂರು ಸಲ ಬೀಸಿ, ಮೂರೂ ಸಲ ತಪ್ಪಿ, ಔಟಾಗಿ ಹೋಗಬೇಕು. ಹೀಗೆಂದು ಯಾರೂ ಹೇಳುವುದಿಲ್ಲ, ಯಾರೂ ಮೀರುವುದಿಲ್ಲ. ಇಂಥ ಮರ್ಯಾದೆ ಶತ್ರುವಿಗೂ ಬೇಡ. ನಿವೃತ್ತಿಯ ಮಾತನ್ನು ಕುರಾಮೊಚಿ ಆಡಿರಲೇ ಇಲ್ಲ, ತಂಡವೇ ಆಡಿ ಮುಗಿಸಿತ್ತು. ತಮ್ಮವರ ಅಭ್ಯಾಸಕ್ಕೆ ಹಗುರ ಚೆಂಡು ಹಾಕಿಕೊಡುವ ಕೆಲಸವನ್ನೂ ತೋರಿಸಿತ್ತು. ಡಾಕ್ಟರು ಎರಡು ಸಲ ಕೊಯ್ದ ಭುಜ ಅವನದು. ಆದರೂ ಸೆಗಾವನಂಥವನನ್ನು ನ್ಯಾಯವಾಗಿ ಔಟ್ ಮಾಡಿದರೆ ನವೆಂಬರಿನ ಆಯ್ಕೆ ಪರೀಕ್ಷೆಗೆ ಹೋಗಿ ಬೇರೆ ತಂಡ ಹುಡುಕುತ್ತೇನೆ, ಹೊಡೆಸಿಕೊಂಡರೆ ಬಾಯಿ ಮುಚ್ಚಿಕೊಂಡು ಆ ಕೆಲಸಕ್ಕೆ ಸೇರುತ್ತೇನೆ ಎಂದು ಹೆಂಡತಿಗೆ ಹೇಳಿಬಂದಿದ್ದ.

ಮೊದಲ ಚೆಂಡಿಗೆ ವೇಗವಿರಲಿಲ್ಲ. ಸೆಗಾವ ಬೀಸಿದ, ತಪ್ಪಿತು. ಎರಡನೆಯದು ಹೊರಗಿನಿಂದ ಒಳಗೆ ತಿರುಗಿತು. ಸೆಗಾವನ ಮೊಣಕಾಲು ಕುಸಿಯಿತು, ಬ್ಯಾಟು ತಡವಾಗಿ ಬಂತು. ಕುರಾಮೊಚಿ ತನ್ನ ಬೆರಳುಗಳನ್ನೇ ನೋಡಿಕೊಂಡ. ಅಯ್ಯೋ, ಇನ್ನೂ ಇದೆಯಲ್ಲ ಕೈಯಲ್ಲಿ! ಇಷ್ಟು ಸಂತೋಷ ಅವನಿಗೆ ವರ್ಷಗಳಿಂದ ಆಗಿರಲಿಲ್ಲ.

ಮೂರನೆಯದಕ್ಕೆ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿದ. ಭುಜ ಚುಳ್ಳೆಂದಿತು. ಬೆರಳಿನಿಂದ ಜಾರಿದ ಚೆಂಡು ಅರ್ಧ ದಾರಿಯಲ್ಲೇ ನೆಲಕ್ಕೆ ಬಿದ್ದು, ಪುಟಿದು, ಉರುಳಿಕೊಂಡು ಹೋಯಿತು. ಮಕ್ಕಳೂ ಅಂಥದಕ್ಕೆ ಬ್ಯಾಟೆತ್ತುವುದಿಲ್ಲ.

ಸೆಗಾವ ಅದಕ್ಕೂ ಮೈ ತಿರುಗುವ ಹಾಗೆ ಬೀಸಿ ಔಟಾದ.

ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸೆಗಾವ ಹೆಲ್ಮೆಟ್ ತೆಗೆದು ಸೊಂಟದವರೆಗೂ ಬಾಗಿದ, ಎದ್ದಾಗ ಅವನ ಕೆನ್ನೆ ಒದ್ದೆಯಾಗಿತ್ತು. ಹಾಗಾದರೆ ಮೊದಲಿನ ಎರಡು? ಕುರಾಮೊಚಿ ಕಣ್ಣಲ್ಲೇ ಕೇಳಿದ. ಸೆಗಾವ ಮುಖ ತಿರುಗಿಸಿಕೊಂಡು ಹೊರಟುಹೋದ.

"ಇನ್ನೊಂದು ಹಾಕ್ತೀನಿ," ಎಂದ ಕುರಾಮೊಚಿ. "ಅದು ನೆಲಕ್ಕೆ ಬಿತ್ತು. ಚೆಂಡು ಕೊಡಿ."

ತಮಾಷೆ ಎಂದುಕೊಂಡು ಅಂಪೈರ್ ನಕ್ಕ. ಬಯಲಿನ ಮೂಲೆಮೂಲೆಯಿಂದ ಆಟಗಾರರು ಓಡಿ ಬಂದು ಸುತ್ತ ನಿಂತರು. ಕುರಾಮೊಚಿ ಗ್ಲೌಸ್ ಚಾಚಿ ಚೆಂಡು ಕೇಳುತ್ತಲೇ ಇದ್ದ. ಮಗಳು ಬಂದು ಅದರೊಳಗೆ ಹೂಗುಚ್ಛ ಇಟ್ಟಳು.