ಎಡಗಣ್ಣಿನ ರೆಪ್ಪೆ

ಪುಟ್ಟಿಯ ಎಡಗಣ್ಣಿನ ರೆಪ್ಪೆ ಹುಟ್ಟಿನಿಂದಲೇ ಕೊಂಚ ಜೋತುಬಿದ್ದಿತ್ತು. ಫೋಟೋ ತೆಗೆಯುವವರೆಲ್ಲ "ಕಣ್ಣು ಬಿಡಮ್ಮ" ಎನ್ನುವವರೇ. ಈಗ ಬಟ್ಟೆ ಅಂಗಡಿಯ ಹೊಸ ಕೆಲಸದ ಗುರುತಿನ ಚೀಟಿಗೆ ಫೋಟೋ ಬೇಕಿತ್ತು. ಈ ಸಲವಾದರೂ ಆ ಮಾತು ಕಿವಿಗೆ ಬೀಳಬಾರದೆಂದು ಅವಳ ಆಸೆ.

ಬ್ಯೂಟಿ ಪಾರ್ಲರ್ ನಡೆಸುವ ಅತ್ತಿಗೆಯನ್ನು ಉಪಾಯ ಕೇಳಿದಳು.

"ಆಪರೇಷನ್ ಅಂದ್ರೆ ಡಾಕ್ಟರ್ ಹತ್ರ ಹೋಗ್ಬೇಕು. ಇವತ್ತಿಗೆ ರೆಪ್ಪೆಗೆ ಅಂಟಿಸೋ ಟೇಪ್ ಸಾಕು, ಕಣ್ಮುಚ್ಚು," ಎಂದ ಅತ್ತಿಗೆ, ಎದುರು ಕೂತು ತನ್ನ ಎಡಗೈ ಕಡೆಗಿದ್ದ ಪುಟ್ಟಿಯ ಕಣ್ಣಿಗೆ ಅಂಟಿಸಿಬಿಟ್ಟಳು.

ಕನ್ನಡಿಯಲ್ಲಿ ನೋಡಿದರೆ, ಸರಿಯಿದ್ದ ಕಣ್ಣಿನ ರೆಪ್ಪೆಯೇ ಹುಬ್ಬಿನತ್ತ ಹತ್ತಿತ್ತು.

"ಅತ್ತಿಗೆ, ಇದು ನಿಮ್ಮ ಎಡ. ನನ್ನ ಎಡ ಇನ್ನೂ ಮಲಗಿದೆ."

"ಅಯ್ಯೋ ನನ್ನ ಮಂಕುಬುದ್ಧಿ. ಇದಕ್ಕೇ ನೋಡು ನಿಮ್ಮಣ್ಣ ನನ್ನ ಸ್ಕೂಟರ್ ಹತ್ತಲ್ಲ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಬಲಗಣ್ಣಿನ ಟೇಪು ಕಿತ್ತು ಬಂತು, ಹೊಸ ಟೇಪು ಎಡಗಣ್ಣಿಗೆ ಬಿತ್ತು. ಎರಡೂ ಕಣ್ಣು ಜೋಡಿಯಾದವು.

ಸ್ಟುಡಿಯೋದಲ್ಲಿ ಪುಟ್ಟಿ ಉಸಿರು ಬಿಗಿಹಿಡಿದು ಕೂತಳು.

"ಆಯ್ತು," ಎಂದ ಫೋಟೋದವನು.

"ಆಯ್ತಾ? ಏನೂ ಹೇಳಲ್ವಾ?"

"ಹೇಳ್ತೀನಿ. ಹಿಂದಿರೋರಿಗೆ ಜಾಗ ಬಿಡಮ್ಮ."

ಪುಟ್ಟಿ ನಗುನಗುತ್ತಾ ಜಾಗ ಬಿಟ್ಟಳು.