ಏಳು ಕಿಟಕಿಗಳ ಎಂಟನೇ ತರಗತಿ

ಕೂತು ಪಾಠ ಮಾಡುವುದು ಬತೂಲ್ ಟೀಚರಿಗೆ ಗೊತ್ತೇ ಇರಲಿಲ್ಲ. ಸುಡಾನಿನ ಓಮ್ದುರ್ಮಾನ್ ಊರಿನ ಹುಡುಗ ಹುಡುಗಿಯರಿಗೆ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವಳು, ಅಷ್ಟೂ ವರ್ಷ ಸೀಮೆಸುಣ್ಣ ಹಿಡಿದು ನಿಂತೇ ಇದ್ದವಳು. ಯುದ್ಧ ಬಂತು, ಶಾಲೆ ಮುಚ್ಚಿತು, ಎಂಟನೇ ತರಗತಿ 'ಬಿ' ವಿಭಾಗದ ನಲವತ್ತೊಂದು ಮಕ್ಕಳು ಗಾಳಿಗೆ ಸಿಕ್ಕ ಎಳ್ಳಿನ ಹಾಗೆ ಚೆದುರಿಹೋದರು. ಐದನೇ ತರಗತಿಯಿಂದ ಕೈಹಿಡಿದು ತಂದ ಮಕ್ಕಳು ಅವರು. ಯಾರು ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ, ಒಂದೂ ತಿಳಿಯದು.

ಹಾಗಿರುವಾಗ ಪೋರ್ಟ್ ಸುಡಾನಿನಿಂದ ಎಲ್ಲರೂ 'ಮುದೀರಾ' ಎನ್ನುವ ಮುಖ್ಯೋಪಾಧ್ಯಾಯಿನಿ ಸಿತ್ತನಾ ಅವರ ಫೋನು ಬಂತು.

"ಬತೂಲ್, ಶಾಲೆನ ಕಂಪ್ಯೂಟರಿನಲ್ಲಿ ಶುರು ಮಾಡ್ತಿದೀನಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಿನ್ನ ತರಗತಿ. ಆದ್ರೆ ಮೊದಲೇ ಹೇಳಿಬಿಡ್ತೀನಿ, ಹತ್ತು ಮಕ್ಕಳಾದ್ರೂ ಬರ್ಬೇಕು. ಇಲ್ಲದಿದ್ರೆ ನಿನ್ನ ವಿಭಾಗ ಮುಚ್ಚಿ ಬೇರೆಯವರಿಗೆ ಸೇರಿಸ್ತೀನಿ. ಇರೋರೇ ನಾಲ್ಕು ಜನ ಟೀಚರು."

"ಹತ್ತೇನು ಮುದೀರಾ, ನಲವತ್ತೊಂದೂ ಬರ್ತಾರೆ," ಎಂದಳು ಬತೂಲ್. ಹೇಳುವುದು ಹೇಳಿ ಫೋನಿಟ್ಟವಳು, ತನ್ನ ಬಳಿ ಇದ್ದ ಹಳೆಯ ನಂಬರುಗಳಿಗೆಲ್ಲ ಭಾನುವಾರದ ಸುದ್ದಿ ಕಳಿಸತೊಡಗಿದಳು.

ಗಡಿ ದಾಟಿ ಬಂದ ಅವಳೀಗ ಇದ್ದದ್ದು ಪಿರಮಿಡ್ಡುಗಳ ಊರು ಗೀಝಾದ ಫೈಸಲ್ ಬೀದಿಯಲ್ಲಿ, ಸಾಮಾನು ಸಮೇತ ಬಾಡಿಗೆಗೆ ಕೊಡುವ ಮನೆಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ಅವಳ ತಾಯಿ ಮತ್ತು ತಂಗಿಯ ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಮಲಗುವ ಕೋಣೆಯಲ್ಲಿ ಇಂಟರ್ನೆಟ್ ಒಂದು ನಿಮಿಷ ಇದ್ದರೆ ಐದು ನಿಮಿಷ ಇಲ್ಲ. ಅದು ನೆಟ್ಟಗೆ ನಿಲ್ಲುವುದು ಅಡುಗೆಮನೆಯಲ್ಲಿ ಮಾತ್ರ. ಹಾಗಾಗಿ ಶಾಲೆ ಒಲೆಯ ಪಕ್ಕಕ್ಕೆ ಬಂತು.

ಮೊದಲ ತೊಡಕು ಹಲಗೆಯದು. ಗೋಡೆಗೊಂದು ಹಲಗೆ ನೇತುಹಾಕಬೇಕೆಂದು ಬತೂಲ್ ಸುತ್ತಿಗೆ ಹಿಡಿದು ನಿಂತಿದ್ದಳು, ಕೆಳಗಿನ ಮಹಡಿಯಿಂದ ಮನೆಯೊಡತಿ ಮದಾಮ್ ಇನ್‌ಶಿರಾಹ್ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು.

"ಗೋಡೆಗೆ ಮೊಳೆ ಹೊಡೆಯೋ ಸದ್ದು ಕೇಳಿಸ್ತು ನಂಗೆ!"

"ಇನ್ನೂ ಹೊಡೆದಿಲ್ಲ ಮದಾಮ್. ಸುತ್ತಿಗೆ ಕೈಲಿ ಹಿಡ್ಕೊಂಡಿದೀನಿ ಅಷ್ಟೆ."

"ಹಾಗಾದ್ರೆ ನನ್ನ ಕಿವಿ ಮುಂಚೆನೇ ಕೇಳಿಸ್ಕೊಂಡಿದೆ. ನನ್ನ ಗೋಡೆ ನಂಗೆ ಗೊತ್ತಿಲ್ವಾ? ಒಂದು ಮೊಳೆ ಹೊಡೆದ್ರೆ ಪಕ್ಕದ ಮನೆಯವರ ಸ್ನಾನ ಕಾಣುತ್ತೆ!"

ಮೊಳೆಯ ಮಾತು ಅಲ್ಲಿಗೆ ಮುಗಿಯಿತು. ಬತೂಲ್ ಸುಮ್ಮನೆ ನಿಂತು ಯೋಚಿಸಿದಳು. ಯೋಚಿಸುವಾಗ ಏನಾದರೂ ಗೀಚದಿದ್ದರೆ ಅವಳ ತಲೆ ಓಡುವುದಿಲ್ಲ. ಕೈಯಲ್ಲಿದ್ದ ಮಾರ್ಕರಿನಿಂದ ಎದುರಿಗಿದ್ದ ಹಳೆಯ ಬಿಳಿ ಫ್ರಿಜ್ಜಿನ ಬಾಗಿಲ ಮೇಲೆ ಒಂದು ತ್ರಿಕೋನ ಎಳೆದೇಬಿಟ್ಟಳು. ಮದಾಮ್ ಕಿಟಾರನೆ ಕಿರುಚುವುದಕ್ಕೂ ಬತೂಲ್ ಒರೆಸುವ ಬಟ್ಟೆ ಆಡಿಸುವುದಕ್ಕೂ ಸರಿಹೋಯಿತು. ತ್ರಿಕೋನ ಮಾಯ. ಇಬ್ಬರೂ ಫ್ರಿಜ್ಜನ್ನು ನೋಡಿದರು. ಆಳೆತ್ತರದ ಬಾಗಿಲು, ಕನ್ನಡಿಯಂಥ ನುಣುಪು.

"ಇದು ನನ್ನ ಮದುವೆದು," ಎಂದಳು ಮದಾಮ್, ದನಿ ತಗ್ಗಿಸಿ. "ಬರೀರಿ. ಒರೆಸ್ತಾ ಇರಿ."

ಎರಡನೆಯ ತೊಡಕು ಆ ಫ್ರಿಜ್ಜಿನ ಗೊರಕೆ. ಪಾಠದ ಹೊತ್ತಿನಲ್ಲಿ ಅದರ ಪ್ಲಗ್ ಕೀಳಬೇಕು. ತಾಯಿ ಇದನ್ನು ಕೇಳಿ ಒಳಗಿನಿಂದಲೇ ಕೂಗಿದಳು, "ಬೇಯಿಸಿಟ್ಟ ನನ್ನ ಫೂಲ್ ಕಾಳು ಹಳಸಿದ್ರೆ ನಿನ್ನ ಮಕ್ಕಳು ಬಂದು ತಿಂತಾರೇನೆ?"

"ಒಂದು ಗಂಟೆಗೆಲ್ಲ ಹಳಸಲ್ಲ ಯುಮ್ಮಾ."

"ನಿನ್ನ ಒಂದು ಗಂಟೆ ನಂಗೆ ಗೊತ್ತು. ಶಾಲೆ ಬಿಟ್ಟ ಮೇಲೂ ಮಕ್ಕಳನ್ನ ಕೂರಿಸ್ಕೊಂಡಿರ್ತಿದ್ದೆ. ಅವರ ಅಮ್ಮಂದಿರು ಬಂದು ನನ್ನ ಬಯ್ತಿದ್ರು!"

ಮೂರನೆಯದು ಎತ್ತರ. ನಿಂತು ಕಲಿಸುವವಳ ಮುಖ ಕಾಣಬೇಕಾದರೆ ಲ್ಯಾಪ್‌ಟಾಪು ಎದೆಯ ಮಟ್ಟಕ್ಕೆ ಬರಬೇಕು. ಮನೆಯಲ್ಲಿ ಗಟ್ಟಿಮುಟ್ಟಾಗಿದ್ದದ್ದು ಮದಾಮ್ ಅತಿಥಿಗಳಿಗೆಂದೇ ಇಟ್ಟ ಚಿನ್ನದ ಬಣ್ಣದ ಕುರ್ಚಿಗಳು ಮಾತ್ರ. ಬತೂಲ್ ಒಂದನ್ನು ಅಡುಗೆಮನೆಗೆ ಎಳೆದು ತಂದು, ಅದರ ಮೇಲೆ ದೊಡ್ಡ ಪಾತ್ರೆ ಬೋರಲು ಹಾಕಿ, ಪಾತ್ರೆಯ ಮೇಲೆ ಲ್ಯಾಪ್‌ಟಾಪು ಇಟ್ಟು, ಕೀಲು ಮುರಿದ ಅದರ ಬೆನ್ನಿಗೆ ಎಣ್ಣೆ ಡಬ್ಬಿ ಆನಿಸಿದಳು.

"ಅಯ್ಯೋ ಅಬ್ಲಾ, ಟೀಚರಮ್ಮಾ! ಈ ಕುರ್ಚಿ ಮೇಲೆ ನನ್ನ ಗಂಡ ಕೂಡ ಕೂತಿಲ್ಲ!" ಎಂದು ಮದಾಮ್ ತಲೆಯ ಮೇಲೆ ಕೈಹೊತ್ತಳು. ಬಯ್ಯುತ್ತಲೇ ಕೆಳಗಿಳಿದು ಹೋದವಳು ತನ್ನ ಮನೆಯ ಉದ್ದ ಕಾಲಿನ ದೀಪ ಹೊತ್ತು ತಂದಳು. "ನಿಮ್ಮ ಮುಖ ಕತ್ತಲಲ್ಲಿದ್ರೆ ಮಕ್ಕಳು ಹೆದರ್ಕೋತಾರೆ. ನಮ್ಮ ಗೀಝಾಕ್ಕೆ ಕೆಟ್ಟ ಹೆಸರು."

ಭಾನುವಾರ ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಬತೂಲ್ ಒಗೆದು ಇಸ್ತ್ರಿ ಮಾಡಿದ ಬಿಳಿ ತೋಬನ್ನು ತಲೆಯ ಮೇಲಿಂದ ಸುತ್ತಿಕೊಂಡು ನಿಂತಳು. ಫ್ರಿಜ್ಜಿನ ಮೇಲೆ ದಿನಾಂಕ, ಅದರ ಕೆಳಗೆ ಪುಟ್ಟ ಪುಟ್ಟ ಅಕ್ಷರದಲ್ಲಿ ಇಡೀ ಪಾಠ. ಕೆಳಗೆ ಬೀದಿಯಲ್ಲಿ ಗ್ಯಾಸಿನವನು ಸಿಲಿಂಡರಿಗೆ ಠಣ್ ಠಣ್ ಹೊಡೆಯತೊಡಗಿದ. ಮದಾಮ್ ಬಾಲ್ಕನಿಗೆ ಓಡಿದಳು.

"ಏಯ್, ನಿಲ್ಲಿಸೋ! ಇಲ್ಲಿ ಶಾಲೆ ನಡೀತಿದೆ!"

"ಯಾವಾಗಿಂದ ಹಾಜ್ಜಾ?"

"ಈಗಿಂದ!"

ಠಣ್ ಠಣ್ ನಿಂತಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಮೊದಲ ಕಿಟಕಿ ತೆರೆಯಿತು. ತರಗತಿಯ ಲೀಡರು ತಸಾಬೀಹ್, ಜಿದ್ದಾದ ಚಿಕ್ಕಪ್ಪನ ಮನೆಯಿಂದ. ಆಮೇಲೆ ಅಸ್ವಾನಿನಿಂದ ಒಬ್ಬ. ಜೂಬಾದಿಂದ ಒಬ್ಬಳು. ಎರಡು ಬೀದಿ ಆಚೆ ಇದೇ ಫೈಸಲಿನಿಂದ ಒಬ್ಬ! ಪೋರ್ಟ್ ಸುಡಾನಿನಿಂದ ಇಬ್ಬರು. ಕೊನೆಗೆ ಕಸ್ಸಲಾದಿಂದ ರಿಹಾಬ್. ಅವಳು ಫೋನನ್ನು ಎಷ್ಟು ಹತ್ತಿರ ಹಿಡಿದಿದ್ದಳೆಂದರೆ ಒಂದು ಹಣೆ, ಒಂದೂವರೆ ಕಣ್ಣು ಬಿಟ್ಟರೆ ಬೇರೇನೂ ಕಾಣದು. ಬತೂಲ್ ಒಬ್ಬೊಬ್ಬರ ಹೆಸರನ್ನೂ ಹಿಡಿದು ಕೂಗಿದಳು. ಒಂದೊಂದು ಕಿಟಕಿ ತೆರೆದಾಗಲೂ ಆರಿದ ದೀಪ ಮತ್ತೆ ಹತ್ತಿದಂತೆ ಅವಳಿಗೆ ಅನ್ನಿಸುತ್ತಿತ್ತು. ಅಲ್ಲಿಗೆ ಏಳು. ಏಳರ ಮೇಲೆ ಏರಲಿಲ್ಲ.

ಮುಖವಿಲ್ಲದ ಇನ್ನೊಂದು ಕಿಟಕಿಯಿಂದ ಸಿತ್ತನಾ ಅವರ ದನಿ ಬಂತು. "ಬತೂಲ್, ಹತ್ತೂಕಾಲಾಯ್ತು."

"ಇನ್ನೈದು ನಿಮಿಷ ಮುದೀರಾ."

ಐದು ನಿಮಿಷ ಕಳೆಯಿತು. ಯಾರೂ ಬರಲಿಲ್ಲ.

"ಇವತ್ತಿನ ಪಾಠ ಮುಗಿಸು. ನಾಳೆಯಿಂದ ಈ ಏಳೂ ಜನ 'ಎ' ವಿಭಾಗಕ್ಕೆ. ನನ್ನ ಮೇಲೆ ಸಿಟ್ಟಾಗಬೇಡ ತಂಗಿ."

ಬತೂಲ್ "ಆಗಲಿ" ಎಂದಳು. ಮಕ್ಕಳ ಮುಂದೆ ಅಳಬಾರದು. ಕ್ಯಾಮೆರಾಕ್ಕೆ ಕಾಣದಂತೆ ಒಲೆಯ ಪಕ್ಕಕ್ಕೆ ಸರಿದು ತೋಬಿನ ಅಂಚಿನಿಂದ ಮುಖ ಒತ್ತಿಕೊಂಡಳು. ಬಾಗಿಲಲ್ಲಿ ಚಹಾ ಲೋಟ ಹಿಡಿದು ನಿಂತಿದ್ದ ಮದಾಮ್ ಪಿಸುಗುಟ್ಟಿದಳು, "ಏನಾಯ್ತು ಅಬ್ಲಾ?"

"ಏನಿಲ್ಲ. ಈರುಳ್ಳಿ."

"ಈರುಳ್ಳಿ ಎಲ್ಲಿದೆ?"

ಬತೂಲ್ ಬೆನ್ನು ನೆಟ್ಟಗೆ ಮಾಡಿಕೊಂಡು ಮತ್ತೆ ಫ್ರಿಜ್ಜಿನ ಮುಂದಕ್ಕೆ ಬಂದಳು. ತರಗತಿಗೆ ಟೀಚರು ಕಾಲಿಟ್ಟರೆ ಮಕ್ಕಳು ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜಿದ್ದಾದಿಂದ ತಸಾಬೀಹಳ ದನಿ ಮೊಳಗಿತು.

"ಎದ್ದೇಳಿ!"

ಏಳು ಕಿಟಕಿಗಳಲ್ಲೂ ಮುಖಗಳು ಒಮ್ಮೆಗೇ ಮೇಲಕ್ಕೆ ಹೋದವು. ಅಸ್ವಾನಿನಲ್ಲಿ ಅಂಗಿಯ ಗುಂಡಿಗಳು ಮಾತ್ರ ಉಳಿದವು. ಜೂಬಾದಲ್ಲಿ ಒಂದು ಹೂವಿನ ಲಂಗ. ಫೈಸಲಿನ ಹುಡುಗ ಮೇಲೆ ಶಾಲೆಯ ಅಂಗಿ, ಕೆಳಗೆ ಮಲಗುವಾಗಿನ ಪೈಜಾಮ ಹಾಕಿದ್ದ. ಬತೂಲಳಿಗೆ ನಗು ಬರಬೇಕು, ಅಷ್ಟರಲ್ಲಿ ಕಸ್ಸಲಾದ ಕಿಟಕಿ ಕಣ್ಣಿಗೆ ಬಿತ್ತು.

ರಿಹಾಬಳ ಹಣೆ ಅಡ್ಡದಿಂದ ಸರಿದಿತ್ತು. ಅದರ ಹಿಂದೆ ಒಂದು ಅಂಗಳ ಇತ್ತು. ಬೇವಿನ ಮರದ ಕೆಳಗೆ, ಚಾಪೆಗಳ ಮೇಲೆ, ಇಟ್ಟಿಗೆಗಳ ಮೇಲೆ ಕೂತಿದ್ದ ಮಕ್ಕಳು ಸಾಲುಸಾಲಾಗಿ ಎದ್ದು ನಿಲ್ಲುತ್ತಿದ್ದರು. ಒಂದು ಸಾಲು ಎದ್ದರೆ ಅದರ ಹಿಂದೆ ಇನ್ನೊಂದು. ನೆರಳು ಮುಗಿದ ಮೇಲೂ ಸಾಲು ಮುಗಿಯಲಿಲ್ಲ. ಬಿಸಿಲಲ್ಲಿ ಇನ್ನೂ ಎರಡು ಸಾಲು. ಗೋಡೆಯ ಮೇಲೆ ಕೂತಿದ್ದವರು ಧುಮುಕಿ ಬಂದು ನಿಂತರು. ಎಣಿಸುವುದೇ ಬತೂಲಳ ಕಸುಬು. ಮೂವತ್ತರವರೆಗೆ ಎಣಿಸಿದಳು, ಆಮೇಲೆ ಲೆಕ್ಕ ತಪ್ಪಿತು.

"ರಿಹಾಬ್," ಎಂದಳು.

"ಫೋನ್ ಒಂದೇ ಇರೋದು ಉಸ್ತಾಝಾ, ಎಲ್ರಿಗೂ ಸೇರಿ. ನಮ್ಮ ತರಗತಿಯವರು ಐದು ಜನ ಇದೀವಿ. ಉಳಿದೋರೆಲ್ಲ ಬೇರೆ ಬೇರೆ ಊರೋರು, ಈ ಶಿಬಿರಕ್ಕೆ ಬಂದಿರೋರು. ಗಣಿತದ ಟೀಚರ್ ಬರ್ತಾರೆ ಅಂದೆ. ಬಂದ್ಬಿಟ್ರು."

ಮುಖವಿಲ್ಲದ ಕಿಟಕಿಯಿಂದ ಸಿತ್ತನಾ ಅಂದರು, "ಬತೂಲ್, ಅವರನ್ನ ಕೂರಿಸು. ಬಿಸಿಲಲ್ಲಿ ನಿಂತಿದಾರೆ."

"ನಾಳೆ, ಮುದೀರಾ?"

"ನಾಳೆ ಏನು? ಹತ್ತಕ್ಕೆ ಸರಿಯಾಗಿ ಶುರು ಮಾಡು. ಇವತ್ತು ತಡ ಆಯ್ತು."

ಬತೂಲ್ "ಕೂತ್ಕೊಳ್ಳಿ" ಎಂದಳು. ಅಂಗಳ ಕೂತಿತು. ಕೂತದ್ದೇ ತಡ, ಬಿಸಿಲಿನ ಸಾಲಿನಿಂದ ಯಾವನೋ ಗೊತ್ತಿಲ್ಲದವನು ಕೂಗಿದ. "ಉಸ್ತಾಝಾ, ಬರೆದಿರೋದು ಇರುವೆ ಥರ ಇದೆ! ಕಾಣ್ತಿಲ್ಲ!"

ಹಿಂದಿನ ಸಾಲಿನವರ ಈ ದೂರನ್ನು ಅವಳು ಇಪ್ಪತ್ತೆರಡು ವರ್ಷ ಕೇಳಿದ್ದಳು. ಇವತ್ತು ಮಾತ್ರ ಅದು ಕಿವಿಗೆ ಜೇನು ಸುರಿದಂತಿತ್ತು. ಇಡೀ ಪಾಠವನ್ನು ಒರೆಸಿ ಹಾಕಿದಳು. ಫ್ರಿಜ್ಜಿನ ಬಾಗಿಲು ತುಂಬುವ ಹಾಗೆ, ತುದಿಗಾಲಲ್ಲಿ ನಿಂತು ಮೇಲಿನ ಮೂಲೆಯಿಂದ ಶುರು ಮಾಡಿ ಒಂದೇ ಒಂದು ತ್ರಿಕೋನ ಎಳೆದಳು.

"ಇದರ ಮೂರೂ ಕೋನ ಕೂಡಿದ್ರೆ ಎಷ್ಟು? ಎಲ್ರೂ ಒಟ್ಟಿಗೆ ಹೇಳಿ!"

"ನೂರ ಎಂಬತ್ತು!" ಫೈಸಲಿನದು ಮೊದಲು ಬಂತು. ಅದರ ಹಿಂದೆ ಅಸ್ವಾನು, ಜಿದ್ದಾ. ಪೋರ್ಟ್ ಸುಡಾನಿನವು ಎರಡು. ಜೂಬಾದ ಸಣ್ಣ ದನಿ. ಮುಗಿಯಿತು ಎಂದುಕೊಂಡು ಬತೂಲ್ ಬಾಯಿ ತೆರೆದಳು. ಆಗ ಕಸ್ಸಲಾದಿಂದ, ದಾರಿಯಲ್ಲಿ ಎಲ್ಲೋ ತಡವಾದ ಅಂಗಳದ ಅಷ್ಟೂ ದನಿ ಒಂದೇ ಉಸಿರಿನಲ್ಲಿ ಬಂದು ಅಪ್ಪಳಿಸಿತು. ಬೋರಲು ಪಾತ್ರೆ ಗುಂಯ್ ಎಂದಿತು. ಮದಾಮಿನ ಕೈಯ ಲೋಟದಿಂದ ಚಹಾ ತುಳುಕಿತು. ಅವಳು ಲೋಟ ಕೆಳಗಿಟ್ಟು, ಎರಡೂ ಅಂಗೈ ಎದೆಗೆ ಒತ್ತಿಕೊಂಡು, "ಯಾ ರಬ್ಬಿ," ಎಂದಳು, ಮಸೀದಿಯಲ್ಲಿ ಅನ್ನುವ ಹಾಗೆ ಮೆಲ್ಲಗೆ.

ಒಳಗಿನಿಂದ ತಾಯಿ ತಲೆಗೆ ಬಟ್ಟೆ ಎಳೆದುಕೊಳ್ಳುತ್ತ ಗಡಬಡಿಸಿ ಬಂದಳು. "ಯಾರೇ ಮಗಳೇ, ಇಷ್ಟೊಂದು ಜನ ಬಂದಿರೋದು?"

ಬತೂಲ್ ತ್ರಿಕೋನದ ಒಂದು ಮೂಲೆಯಲ್ಲಿ ಅರವತ್ತು ಎಂದು ದಪ್ಪಗೆ ಬರೆದಳು, ಇನ್ನೊಂದರಲ್ಲಿ ಎಪ್ಪತ್ತು. ಮೂರನೆಯ ಮೂಲೆಯನ್ನು ಖಾಲಿ ಬಿಟ್ಟು, ಅಂಗಳದ ಕಡೆಗೆ ಮುಖ ಮಾಡಿ ನಿಂತಳು.