ಬಾಗಿಲಲ್ಲಿ ಅಪ್ಪನ ಬೂಟು

"ಮನೆ ಬಾಗಿಲಲ್ಲಿ ಬೀದಿ ಕಡೆ ಮುಖ ಮಾಡಿಟ್ಟ ನನ್ನ ಬೂಟನ್ನ ಈ ಮಗಳು ದಿನಾ ಒಳಕ್ಕೆ ತಿರುಗಿಸಿಡ್ತಾಳೆ, ಸೆನ್ಸೇ! ನೀವು ನೋಡಿದ್ರೆ ಬರೀ ಮರಳಾಟ ಆಡಿಸ್ತೀರಿ," ಎಂದು ಕೊಯೊಮಿಯ ಅಪ್ಪ ಮಕ್ಕಳ ಮನಸ್ಸಿಗೆ ಚಿಕಿತ್ಸೆ ಕೊಡುವ ನನ್ನ ಕೋಣೆಯಲ್ಲಿ ಗೊಣಗಿದ. ಗುರುಗಳೇ ಎಂಬಂಥ ಗೌರವದ ಆ 'ಸೆನ್ಸೇ' ಕೇಳಿಯೂ ನನಗೆ ರೇಗಿತು.

"ಸುಮ್ನೆ ಕೂತು ನೋಡ್ರೀ," ಎಂದೆ.

ಅವನ ಹೆಂಡತಿ ಅಪಘಾತದಲ್ಲಿ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ.

ಕೊಯೊಮಿ ಮರಳಿನ ಪೆಟ್ಟಿಗೆಯಲ್ಲಿ ಪುಟ್ಟ ಮನೆಯಿಟ್ಟು, ಬಾಗಿಲಲ್ಲಿ ಗೊಂಬೆಯ ಚಪ್ಪಲಿಯನ್ನು ಬೀದಿ ಕಡೆಗೆ ಜೋಡಿಸಿದಳು. ಥಟ್ಟನೆ ಅದನ್ನು ಮರಳಲ್ಲಿ ಹೂತುಬಿಟ್ಟಳು.

"ಚಪ್ಪಲಿ ಬಚ್ಚಿಟ್ಕೊಂಡ್ತು," ಎಂದೆ.

"ಅಮ್ಮಂಗೆ ಹಾಕ್ಕೊಳ್ಳೋಕೆ ಸುಲಭ ಆಗ್ಲಿ ಅಂತ ಅವತ್ತು ನಾನೇ ಚಪ್ಪಲಿನ ಬೀದಿ ಕಡೆ ತಿರುಗಿಸಿಟ್ಟೆ. ಅದಕ್ಕೇ ಹೊರಟೋದ್ಲು," ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ಹೊರಡುವಾಗ ಅಪ್ಪ ಕೋಣೆಯ ಬಾಗಿಲಲ್ಲಿ ಬಿಟ್ಟಿದ್ದ ತನ್ನ ಬೂಟನ್ನು ತಾನೇ ಒಳಮುಖ ಮಾಡಿದ. ಮಗಳ ಮುಖ ನೋಡುತ್ತಲೇ ಹಿಂದಕ್ಕೆ ಹೆಜ್ಜೆಯಿಟ್ಟು ಕಾಲು ತೂರಿಸಿದ.